ಏಳನೆಯ ಹಾಡಿನ ಎರಡನೆಯ ದನಿ

ಈ ಸಭೆಯ ಅಧ್ಯಕ್ಷತೆ ವಹಿಸಿ, ನನ್ನ ಸರದಿ ಬರುವ ಮೊದಲೇ ಎರಡು ಸಲ ಗಡಿಯಾರ ನೋಡಿಕೊಂಡಿರುವ ಶ್ರೀ ಹೇರಂಬ ಹೆಗಡೆಯವರೇ, ತೀರ್ಥಹಳ್ಳಿಯಿಂದ ಬಂದಿರುವ ಮುಖ್ಯ ಅತಿಥಿಗಳೂ ಈ ಆಲ್ಬಂನ ಸಂಗೀತ ನಿರ್ದೇಶಕರೂ ಆದ ಚಿರಂಜೀವಿ ನಿಶಾಂತ್ ಅವರೇ, ನನ್ನನ್ನು ಕರೆಸಿ ಶಾಲು ಹೊದೆಸಿದ ಸಾಗರದ ವರದಾ ಗೆಳೆಯರ ಬಳಗದ ಪದಾಧಿಕಾರಿಗಳೇ, ಮುಂದಿನ ಕುರ್ಚಿಗಳನ್ನೆಲ್ಲ ಖಾಲಿ ಬಿಟ್ಟು ಹಿಂದೆ ಗೋಡೆಗೆ ಒರಗಿ ನಿಂತಿರುವ ಕಾಲೇಜಿನ ಮಕ್ಕಳೇ, ಹಾಗೂ ತಾಳ್ಮೆಯಿಂದ ಕುಳಿತಿರುವ ಸಭಿಕರೇ,

ಮೊದಲಿಗೆ ಒಂದು ತಿದ್ದುಪಡಿ. ನಿರೂಪಣೆ ಮಾಡುತ್ತಿರುವ ಗಾನವಿ ನನ್ನನ್ನು ಪರಿಚಯಿಸುವಾಗ ‘ದೆವ್ವದಜ್ಜಿ ಎಂದೇ ಮನೆಮಾತಾಗಿರುವ’ ಎಂದು ಓದಿದಳು. ಅವಳ ತಪ್ಪಲ್ಲ, ಯಾರೋ ಬರೆದುಕೊಟ್ಟಿದ್ದಾರೆ. ನನಗೊಂದು ಹೆಸರಿದೆ. ಅನ್ನಪೂರ್ಣೇಶ್ವರಿ. ವಯಸ್ಸು ಅರವತ್ತೇಳು. ದೂರವಾಣಿ ಇಲಾಖೆಯಲ್ಲಿ ಮೂವತ್ತೊಂಬತ್ತು ವರ್ಷ ಕೆಲಸ ಮಾಡಿ ನಿವೃತ್ತಳಾದವಳು. ದೆವ್ವವಾಗುವುದಕ್ಕೆ ನನಗೆ ಇನ್ನೂ ಸ್ವಲ್ಪ ಸಮಯವಿದೆ ಎಂದು ನಂಬಿಕೊಂಡಿದ್ದೇನೆ.

ಇಲ್ಲಿರುವ ಹಿರಿಯರಲ್ಲಿ ಕೆಲವರಿಗೆ ‘ಹಿನ್ನೀರು ಹಾಸ್ಟೆಲ್’ ಎಂದರೆ ಏನೆಂದೇ ಗೊತ್ತಿಲ್ಲದಿರಬಹುದು. ಅವರು ಪುಣ್ಯವಂತರು. ಅದು ಟೀವಿಯಲ್ಲಿ ಶನಿವಾರ, ಭಾನುವಾರ ಬರುತ್ತಿದ್ದ ಧಾರಾವಾಹಿ. ಮಾಸ್ತಿಕಟ್ಟೆಯ ಕಡೆ ಎಲ್ಲೋ ಹಿನ್ನೀರಿನ ದಡದಲ್ಲಿ ಒಂದು ಪಿಯು ಕಾಲೇಜು, ಅದಕ್ಕೊಂದು ಹಾಸ್ಟೆಲ್, ಅಲ್ಲಿ ಐದು ಮಕ್ಕಳು. ಮುಳುಗಿದ ಊರಿನ ಮದುಮಗಳೊಬ್ಬಳು ದೆವ್ವವಾಗಿ ನೀರಿನಿಂದ ಎದ್ದು ಬರುತ್ತಾಳೆ. ಆ ಐವರಲ್ಲಿ ಒಬ್ಬನಿಗೆ ಅವಳು ಕಾಣಿಸುತ್ತಾಳೆ, ಒಬ್ಬಳಿಗೆ ಅವಳ ಮಾತು ಕೇಳಿಸುತ್ತದೆ, ಉಳಿದ ಮೂವರಿಗೆ ಇರುವ ಶಕ್ತಿ ಏನೆಂದು ಇಪ್ಪತ್ತಾರು ಕಂತು ನೋಡಿದರೂ ನನಗೆ ತಿಳಿಯಲಿಲ್ಲ. ಆ ಮಕ್ಕಳು ಒಂದು ದಿನವೂ ಪುಸ್ತಕ ತೆರೆಯುವುದಿಲ್ಲ. ಕೊನೆಯ ಕಂತಿನಲ್ಲಿ ಎಲ್ಲರೂ ಫಸ್ಟ್ ಕ್ಲಾಸ್. ನನ್ನನ್ನು ಕೇಳಿದರೆ ದೆವ್ವಕ್ಕಿಂತ ದೊಡ್ಡ ಪವಾಡ ಅದೇ.

ಆ ಧಾರಾವಾಹಿಯ ಹಾಡುಗಳನ್ನೆಲ್ಲ ಸೇರಿಸಿ ಒಂದು ಆಲ್ಬಂ ಮಾಡಿದ್ದಾರೆ. ಒಟ್ಟು ಹನ್ನೊಂದು ಹಾಡು. ಏಳನೆಯದು ನನ್ನದು. ದೆವ್ವ ಬರುವ ಮುಂಚೆ ಪ್ರತಿ ಸಲ ಅದರ ಮೊದಲ ಸಾಲು ಬರುತ್ತದೆ, ಪೂರ್ತಿ ಹಾಡು ಇರುವುದು ಆಲ್ಬಂನಲ್ಲಿ ಮಾತ್ರ. ಆ ಕಾರಣಕ್ಕೆ ಇವತ್ತು ನನಗೆ ಈ ಶಾಲು, ಈ ಹಣ್ಣಿನ ಬುಟ್ಟಿ, ಈ ಫಲಕ.

ನನಗೆ ಸಂತೋಷವಾಗಿಲ್ಲವೇ ಎಂದು ನೀವು ಕೇಳಬಹುದು. ಸ್ವಾಮಿ, ಬಸ್‌ಸ್ಟ್ಯಾಂಡಿನ ಹತ್ತಿರ ನಿಲ್ಲಿಸಿರುವ ಫ್ಲೆಕ್ಸ್ ನೋಡಿದ್ದೀರಾ? ನನ್ನ ಮುಖಕ್ಕೆ ಹಸಿರು ಬಣ್ಣ ಕೊಟ್ಟಿದ್ದಾರೆ. ಕಳೆದ ವಾರ ಔಷಧಿ ಅಂಗಡಿಯಲ್ಲಿ ನಿಂತಿದ್ದೆ. ತಾಯಿಯ ಕೈ ಹಿಡಿದಿದ್ದ ಒಂದು ಮಗು ನನ್ನನ್ನು ನೋಡಿ ಅಳಲು ಶುರು ಮಾಡಿತು. ಆ ತಾಯಿ ಮಗುವನ್ನು ಸಮಾಧಾನ ಮಾಡಿದಳೇ? ಇಲ್ಲ. ಮೊಬೈಲ್ ತೆಗೆದು, ‘ಆಂಟಿ, ಒಂದ್ಸಲ ಆ ಥರ ನೋಡಿ’ ಅಂದಳು. ಯಾವ ಥರ? ನಾನು ಆ ಧಾರಾವಾಹಿಯಲ್ಲಿ ಒಂದು ಕ್ಷಣವೂ ಕಾಣಿಸಿಕೊಂಡಿಲ್ಲ. ಮೊಣಕಾಲು ನೋವಿಗೆ ತೋರಿಸಲು ಹೋದರೆ ಡಾಕ್ಟರ ಫೋನಿನಿಂದಲೇ ನನ್ನ ದನಿ ಬರುತ್ತದೆ. ಅದು ಅವರ ರಿಂಗ್‌ಟೋನ್. ಒಬ್ಬ ಹೆಂಗಸು ತನ್ನ ದನಿಯಿಂದ ತಪ್ಪಿಸಿಕೊಂಡು ಎಲ್ಲಿಗೆ ಹೋಗಬೇಕು?

ಆದರೆ ಇದ್ಯಾವುದೂ ದೊಡ್ಡ ಮಾತಲ್ಲ. ದೊಡ್ಡ ಮಾತು ಆ ಹಾಡಿನದು.

ಅದು ದೆವ್ವದ ಹಾಡಲ್ಲ ಎಂದು ನಾನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಅದು ನಮ್ಮ ಕಡೆ ಮದುವೆ ಮುಗಿದು, ಹುಡುಗಿಯನ್ನು ಗಂಡಿನ ಮನೆಯವರಿಗೆ ಒಪ್ಪಿಸುವಾಗ ಹೇಳುವ ಹಾಡು. ನಾವು ಹಾಡನ್ನು ಹಾಡುವುದಿಲ್ಲ, ಹೇಳುತ್ತೇವೆ. ಅದನ್ನು ಹೇಳುವುದಕ್ಕೆ ಒಂದು ಕ್ರಮವಿದೆ. ಮೊದಲ ಸಾಲು ಹೆಣ್ಣಿನ ಕಡೆಯವರದು, ಎರಡನೆಯ ಸಾಲು ಗಂಡಿನ ಕಡೆಯವರದು. ‘ಹಾಲುಂಡ ಬಟ್ಟಲ ತೊಳೆದಿಟ್ಟು ಬಂದವಳ, ನಿಮ್ಮ ಕೈಗಿತ್ತೆವು ಬೀಗರೆ’ ಎಂದು ಒಬ್ಬಳು ಹೇಳಿದರೆ, ಎದುರಿಗೆ ನಿಂತವಳು, ‘ಬಟ್ಟಲ ನಾವಿಲ್ಲಿ ತುಂಬಿಟ್ಟು ಕಾದೇವು, ಬಾ ಮಗಳೆ ಒಳಗೆಂದೇವು’ ಎಂದು ಹೇಳಬೇಕು. ಕೊಡುವವರು ಒಬ್ಬರು, ತೆಗೆದುಕೊಳ್ಳುವವರು ಇನ್ನೊಬ್ಬರು. ಎರಡೂ ಸಾಲನ್ನು ಒಬ್ಬಳೇ ಹೇಳುವ ಹಾಗಿಲ್ಲ. ಅಭ್ಯಾಸಕ್ಕೂ ಹೇಳುವ ಹಾಗಿಲ್ಲ. ಚಿಕ್ಕವಳಿದ್ದಾಗ ನಾನು ಒಮ್ಮೆ ಒಬ್ಬಳೇ ಕುಳಿತು ಎರಡನ್ನೂ ಹೇಳಿದ್ದಕ್ಕೆ ನನ್ನ ದೊಡ್ಡಮ್ಮ ಕೆರಿಯಮ್ಮ ಬೆನ್ನಿಗೆ ಎರಡು ಬಿಟ್ಟಿದ್ದಳು. ಕೊಟ್ಟ ಹುಡುಗಿಯನ್ನು ತೆಗೆದುಕೊಳ್ಳುವವರು ಇಲ್ಲ ಎಂದ ಹಾಗಾಯಿತಲ್ಲ ಎಂದು ಅವಳ ಸಿಟ್ಟು.

ಈಗಿನ ಮದುವೆಗಳಲ್ಲಿ ಹಾಡು ಬರುವವರು ಎರಡೂ ಕಡೆ ಇರುವುದಿಲ್ಲ. ಅದಕ್ಕೇ ನಮ್ಮನ್ನು ಕರೆಯುತ್ತಿದ್ದರು. ಹೆಣ್ಣಿನ ಕಡೆ ನಾನು ನಿಲ್ಲುತ್ತಿದ್ದೆ. ಗಂಡಿನ ಕಡೆ ಕುಮುದಾ ನಿಲ್ಲುತ್ತಿದ್ದಳು. ಸಾಗರ, ಹೊಸನಗರ, ತೀರ್ಥಹಳ್ಳಿ, ಈ ಮೂರು ತಾಲೂಕಿನಲ್ಲಿ ನಾವಿಬ್ಬರೂ ಒಪ್ಪಿಸಿದ ಹುಡುಗಿಯರು ಎಷ್ಟೆಂದು ನಮಗೇ ನೆನಪಿಲ್ಲ. ಈ ಸಭೆಯಲ್ಲೇ ಏಳೆಂಟು ಜನ ಕಾಣಿಸುತ್ತಿದ್ದೀರಿ. ಯಾರೂ ವಾಪಸ್ ಬಂದಿಲ್ಲ, ಸಂತೋಷ.

ಕುಮುದಾ ಯಾರು ಎಂದು ಆಹ್ವಾನ ಪತ್ರಿಕೆಯಲ್ಲಿ ಹುಡುಕಬೇಡಿ. ಇಲ್ಲ. ಅವಳು ಹೊಸನಗರದವಳು. ನಾನು ಇಲ್ಲಿ ಟೆಲಿಫೋನ್ ಆಪರೇಟರ್ ಆಗಿ ಸೇರಿದಾಗ ಅವಳು ಅಲ್ಲಿ ಸೇರಿದ್ದಳು. ಮಕ್ಕಳೇ, ಆಗ ಸಾಗರದಿಂದ ಹೊಸನಗರಕ್ಕೆ ಮಾತನಾಡಬೇಕಾದರೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಿತ್ತು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಬೋರ್ಡಿನ ಮುಂದೆ ಇಲ್ಲಿ ನಾನು, ಅಲ್ಲಿ ಅವಳು. ನಾನು ‘ಹೊಸನಗರ’ ಅನ್ನುವುದು, ಅವಳು ‘ಸಾಗರ’ ಅನ್ನುವುದು. ಆರು ತಿಂಗಳು ನಮಗೆ ಒಬ್ಬರಿಗೊಬ್ಬರ ಹೆಸರೇ ಊರು. ಮುಖ ಕಂಡಿರಲಿಲ್ಲ.

ಊಟದ ಹೊತ್ತಾದ ಮೇಲೆ ಕಾಲ್ ಕಡಿಮೆ. ಒಂದು ದಿನ ಲೈನು ತೆರೆದೇ ಇತ್ತು, ನಾನು ನನ್ನಷ್ಟಕ್ಕೆ ಇದೇ ಹಾಡಿನ ಮೊದಲ ಸಾಲು ಗುನುಗುತ್ತಿದ್ದೆ. ಆ ಕಡೆಯಿಂದ ಎರಡನೆಯ ಸಾಲು ಬಂತು. ಸಭಿಕರೇ, ಆ ದನಿಯನ್ನು ನಾನು ಹೇಗೆ ವರ್ಣಿಸಲಿ? ನಡುವೆ ಎಷ್ಟೋ ಕಿಲೋಮೀಟರ್ ತಂತಿ, ಅರ್ಧ ಗರಗರ ಶಬ್ದ, ಆದರೂ ‘ಬಾ ಮಗಳೆ ಒಳಗೆ’ ಎಂದಾಗ ಯಾರೋ ನನ್ನ ಕೈ ಹಿಡಿದು ಹೊಸ್ತಿಲು ದಾಟಿಸಿದ ಹಾಗಾಯಿತು. ಆಮೇಲೆ ದಿನಾ ಒಂದೊಂದು ಹಾಡು. ಲೈನು ಸರಿಯಾಗಿದೆಯೇ ಎಂದು ಪರೀಕ್ಷಿಸುವುದು ನಮ್ಮ ಕರ್ತವ್ಯವೇ ಆಗಿತ್ತು. ನಾವು ಸ್ವಲ್ಪ ಹೆಚ್ಚು ಶ್ರದ್ಧೆಯಿಂದ ಪರೀಕ್ಷಿಸಿದೆವು.

ಅಧ್ಯಕ್ಷರು ಮೂರನೆಯ ಸಲ ಗಡಿಯಾರ ನೋಡಿದರು. ವಿಷಯಕ್ಕೆ ಬರುತ್ತೇನೆ.

ಹೋದ ವರ್ಷ ನಿಶಾಂತ್ ನಮ್ಮಿಬ್ಬರನ್ನೂ ತೀರ್ಥಹಳ್ಳಿಗೆ ಕರೆಸಿದರು. ಅವರ ಮನೆಯ ಮಹಡಿಯ ಕೋಣೆಯೇ ಸ್ಟುಡಿಯೋ. ಕಿಟಕಿಗೆಲ್ಲ ಹಾಸಿಗೆ ಅಡ್ಡ ನಿಲ್ಲಿಸಿದ್ದರು. ಫ್ಯಾನ್ ಹಾಕುವಂತಿಲ್ಲ, ಬಳೆ ತೊಡುವಂತಿಲ್ಲ, ಉಸಿರು ಜೋರಾಗಿ ಬಿಡುವಂತಿಲ್ಲ. ಮೈಕಿನ ಮುಂದೆ ಎದುರು ಬದುರು ನಿಂತು ನಾವು ಹಾಡು ಹೇಳಿದೆವು. ನಿಶಾಂತ್ ಒಳ್ಳೆಯ ಹುಡುಗ. ಅವರ ತಾಯಿ ಒಳ್ಳೆಯ ಕಡಬು ಮಾಡಿ ಬಡಿಸಿದರು. ಇಷ್ಟು ಹೇಳಿದ ಮೇಲೆ ಮುಂದಿನದನ್ನು ಹೇಳಿದರೆ ಅವರು ಬೇಸರ ಮಾಡಿಕೊಳ್ಳಬಾರದು.

ಎರಡು ವಾರದ ಮೇಲೆ ಅವರ ಫೋನ್ ಬಂತು. ‘ಅಮ್ಮಾ, ಆ ಎರಡನೇ ದನಿ ಸ್ವಲ್ಪ ನಡುಗ್ತಾ ಇದೆ. ನಿಮ್ದು ಒಂಚೂರೂ ನಡುಗಿಲ್ಲ. ಅದನ್ನ ತೆಗೆದು, ನಿಮ್ಮ ದನಿಯನ್ನೇ ಎರಡನೇ ಸಾಲಿಗೂ ಹಾಕ್ಲಾ? ಆ ಅಮ್ಮ ಏನಾದ್ರೂ ಅಂದ್ಕೊಳ್ತಾರಾ?’ ಎಂದು ಕೇಳಿದರು. ಎರಡನೆಯ ಸಾಲನ್ನು ನಾನು ಫೋನಿನಲ್ಲೇ ಹೇಳಿ ಕಳಿಸಿದರೂ ಸಾಕು, ಉಳಿದದ್ದನ್ನು ಕಂಪ್ಯೂಟರಿನಲ್ಲಿ ಸರಿ ಮಾಡಿಕೊಳ್ಳುತ್ತೇನೆ ಎಂದರು.

ಆಲ್ಬಂ ಬಂದ ಮೇಲಿನ ಈ ಮೂರು ತಿಂಗಳಲ್ಲಿ ನಾನು ಟೀವಿಯವರನ್ನು ಬೈದಿದ್ದೇನೆ. ನಿಶಾಂತರನ್ನು ಬೈದಿದ್ದೇನೆ. ಫ್ಲೆಕ್ಸ್ ಮಾಡಿದವರನ್ನು ಬೈದಿದ್ದೇನೆ. ಆಲ್ಬಂನಲ್ಲಿ ‘ಅನ್ನಪೂರ್ಣೇಶ್ವರಿ ಮತ್ತು ಸಂಗಡಿಗರು’ ಎಂದು ಹಾಕಿದವರನ್ನಂತೂ ಮನಸಾರೆ ಬೈದಿದ್ದೇನೆ. ಯಾವ ಸಂಗಡಿಗರು? ಇದ್ದ ಒಬ್ಬಳನ್ನು ತೆಗೆದು ಹಾಕಿ, ಬಹುವಚನ ಬೇರೆ.

ಆದರೆ ಆ ದಿನ ಫೋನಿನಲ್ಲಿ ಉತ್ತರ ಕೊಟ್ಟವರು ಯಾರು? ಟೀವಿಯವರೇ? ಫ್ಲೆಕ್ಸಿನವರೇ? ‘ಅವಳು ಏನೂ ಅಂದ್ಕೊಳೋದಿಲ್ಲ, ಹಾಕಿ’ ಎಂದು ಹೇಳಿದವಳು ನಾನು. ಹೇಳಿದ್ದಷ್ಟೇ ಅಲ್ಲ, ಬಾಗಿಲು ಹಾಕಿಕೊಂಡು, ಬಳೆ ತೆಗೆದಿಟ್ಟು, ಎರಡನೆಯ ಸಾಲನ್ನು ಮೂರು ಸಲ ಹೇಳಿ, ಚೆನ್ನಾಗಿ ಬಂದದ್ದನ್ನು ಆರಿಸಿ ಕಳಿಸಿದವಳೂ ನಾನೇ.

ಟೆಲಿಫೋನ್ ಆಪರೇಟರಿಗೆ ಮೊದಲ ದಿನವೇ ಕಲಿಸುವ ಒಂದು ಪಾಠವಿತ್ತು. ಪಾರ್ಟಿಯ, ಅಂದರೆ ಲೈನಿನಲ್ಲಿ ಮಾತನಾಡಬೇಕಾದವರ, ಪರವಾಗಿ ನೀನು ಉತ್ತರ ಕೊಡಬೇಡ. ನಿನಗೆ ಉತ್ತರ ಗೊತ್ತಿದ್ದರೂ ಕೊಡಬೇಡ. ಲೈನು ಕೊಡು, ಅವರೇ ಮಾತನಾಡಿಕೊಳ್ಳಲಿ. ನಾನು ಮದುವೆಯ ಸುದ್ದಿ, ಸಾವಿನ ಸುದ್ದಿ, ಹುಟ್ಟಿದ ಸುದ್ದಿ ಎಲ್ಲಕ್ಕೂ ಲೈನು ಕೊಟ್ಟವಳು. ಒಬ್ಬರ ಬದಲು ಒಂದು ಹೌದು, ಒಂದು ಅಲ್ಲ ನನ್ನ ಬಾಯಿಂದ ಬಂದದ್ದಿಲ್ಲ. ಅಂಥವಳು ಕುಮುದಾಳ ಪರವಾಗಿ ಉತ್ತರ ಕೊಟ್ಟೆ. ಅವಳ ನಂಬರು ನನಗೆ ಬಾಯಿಪಾಠ. ಒಂದು ಫೋನು ಮಾಡಿ, ‘ಹೀಗೆ ಕೇಳ್ತಾ ಇದ್ದ, ಎಂತ ಹೇಳ್ಲಿ?’ ಎಂದು ಕೇಳಲು ನನಗೆ ಎರಡು ನಿಮಿಷ ಬೇಕಾಗಿರಲಿಲ್ಲ.

ಯಾಕೆ ಕೇಳಲಿಲ್ಲ? ಇದನ್ನು ಇಲ್ಲಿ ಹೇಳಬೇಕೆಂದು ನಾನು ಬಂದಿರಲಿಲ್ಲ. ಬರೆದುಕೊಂಡು ಬಂದ ಕಾಗದದಲ್ಲಿ ಇದು ಇಲ್ಲ. ನಲವತ್ತು ವರ್ಷ, ಪ್ರತಿ ಮದುವೆಯಲ್ಲೂ, ಹಾಡು ಮುಗಿದ ಮೇಲೆ ಹೆಂಗಸರು ಕಣ್ಣೊರೆಸಿಕೊಂಡು ಹೋಗುತ್ತಿದ್ದದ್ದು ಕುಮುದಾಳ ಹತ್ತಿರ. ಕೊಡುವ ಸಾಲು ಹೇಳುವವಳು ನಾನು. ಅದನ್ನು ಕೇಳಿ ಎಲ್ಲರಿಗೂ ಎದೆ ಬಿಗಿಯುತ್ತದೆ ಅಷ್ಟೇ. ಅಳು ಬರುವುದು ಅವಳು ‘ಬಾ ಮಗಳೆ’ ಎಂದಾಗ. ‘ಆ ಹೊಸನಗರದ ದನಿ ಬರ್ತದಲ್ವಾ?’ ಎಂದು ನನ್ನನ್ನು ಕೇಳಿ ಖಚಿತ ಮಾಡಿಕೊಂಡೇ ಎಷ್ಟೋ ಜನ ನನ್ನನ್ನು ಕರೆದಿದ್ದಾರೆ. ನನ್ನ ದನಿ ನಡುಗಿಲ್ಲ ಎಂದು ಒಬ್ಬ ಸಂಗೀತ ನಿರ್ದೇಶಕ ಹೇಳಿದ ದಿನ ನನಗೆ ಅರವತ್ತಾರು ವರ್ಷ. ಆ ಮಾತಿಗೆ ನಾನು ಅಷ್ಟೊಂದು ಹಸಿದಿದ್ದೆ ಎಂದು ನನಗೇ ತಿಳಿದಿರಲಿಲ್ಲ.

ಆಲ್ಬಂ ಬಂದ ದಿನ ಕುಮುದಾ ಅಕ್ಕಪಕ್ಕದ ಮನೆಯವರನ್ನೆಲ್ಲ ಕರೆದು ಅವಲಕ್ಕಿ ಕಲಸಿದ್ದಳಂತೆ. ಅವಳ ಮೊಮ್ಮಗಳು ಧನ್ಯಶ್ರೀ ನನಗೆ ಆಮೇಲೆ ಹೇಳಿದ್ದು ಇದು. ಧನ್ಯಶ್ರೀ ಫೋನಿಗೆ ಸ್ಪೀಕರ್ ಜೋಡಿಸಿ ಏಳನೆಯ ಹಾಡು ಹಾಕಿದ್ದಾಳೆ. ಮೊದಲ ಸಾಲು ಬಂತು. ‘ಈಗ ಬತ್ತು ಕೇಳಿ’ ಎಂದು ಕುಮುದಾ ಸೆರಗು ಸರಿಮಾಡಿಕೊಂಡು ಕುಳಿತಿದ್ದಾಳೆ. ಎರಡನೆಯ ಸಾಲು ಬಂತು. ನನ್ನ ದನಿ. ಹಾಡು ಪೂರ್ತಿ ಮುಗಿಯುವ ತನಕ ಅವಳು ಕದಲಲಿಲ್ಲವಂತೆ. ಮುಗಿದ ಮೇಲೆ, ‘ಹಾಡು ಚೆಂದ ಬೈಂದು’, ಚೆಂದ ಬಂದಿದೆ ಎಂದು ಹೇಳಿ ಎಲ್ಲರಿಗೂ ಅವಲಕ್ಕಿ ಕೊಟ್ಟಳಂತೆ.

ನನಗೆ ಫೋನು ಮಾಡಿ ಜಗಳವಾಡಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರವಾಗುತ್ತಿದ್ದೆ. ಮಾಡಲಿಲ್ಲ. ಮೇ ತಿಂಗಳಲ್ಲಿ ತೀರ್ಥಹಳ್ಳಿಯಲ್ಲಿ ಒಂದು ಮದುವೆಗೆ ಕರೆ ಬಂದಾಗ ನಾನೇ ಮಾಡಿದೆ. ಯಾವ ಬಸ್ಸಿಗೆ ಹೊರಡುವುದು ಎಂದು, ಏನೂ ಆಗದವಳ ಹಾಗೆ ಕೇಳಿದೆ. ಅವಳು ಹೇಳಿದ್ದು ಒಂದೇ ಮಾತು. ‘ಎರಡೂ ನೀನೇ ಹೇಳಿದ್ಯಲ, ಇನ್ನು ಆನು ಎಂತಕ್ಕೆ?’ ಇನ್ನು ತಾನು ಯಾಕೆ ಎಂದು. ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ ಹಾಗಿತ್ತು. ಲೈನು ಇಟ್ಟಳು.

ಆ ಮದುವೆಗೆ ನಾನೊಬ್ಬಳೇ ಹೋದೆ. ಹುಡುಗಿಯನ್ನು ಒಪ್ಪಿಸುವ ಹೊತ್ತು ಬಂತು. ಮೊದಲ ಸಾಲು ಹೇಳಿ ನಿಲ್ಲಿಸಿದೆ. ಎದುರಿಗೆ ಯಾರೂ ಇಲ್ಲ. ಗಂಡಿನ ಕಡೆಯವರು ಒಬ್ಬರ ಮುಖ ಒಬ್ಬರು ನೋಡಿದರು. ಆಗ ಹುಡುಗಿಯ ಅಣ್ಣ ಬಂದು, ‘ಅಮ್ಮಾ, ನೀವು ಕೂತ್ಕೊಳ್ಳಿ, ನಮ್ಮತ್ರ ಆಲ್ಬಂ ಇದೆ’ ಎಂದು ದೊಡ್ಡ ಸ್ಪೀಕರಿನಲ್ಲಿ ಏಳನೆಯ ಹಾಡು ಹಾಕಿಬಿಟ್ಟ. ಹುಡುಗಿಯ ಗೆಳತಿಯರು ದೆವ್ವ ಬಂತು ಎಂದು ನಗುತ್ತಾ ಕಿರುಚಿದರು. ಗಂಡಿನ ತಾಯಿ, ಶುಭ ಹೊತ್ತಿನಲ್ಲಿ ಇದೆಲ್ಲ ಬೇಡ, ನಿಲ್ಲಿಸಿ ಎಂದರು. ಆ ಹುಡುಗಿ ಮಾತ್ರ ನಗಲಿಲ್ಲ. ಕೊಡುವವಳೂ ನಾನೇ, ಕರೆಯುವವಳೂ ನಾನೇ ಆಗಿ ಕೂಗುತ್ತಿದ್ದ ಆ ಸ್ಪೀಕರಿನ ಮುಂದೆ ಅವಳು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ನಿಂತಿದ್ದಳು.

ನಿಶಾಂತ್, ಈ ಹಾಡು ಯಾಕೆ ಇಷ್ಟು ಹೆದರಿಸುತ್ತದೆ ಎಂದು ಪತ್ರಿಕೆಯವರು ನಿಮ್ಮನ್ನು ಕೇಳಿದ್ದರು. ಏನೋ ಕಂಪ್ಯೂಟರಿನ ಕರಾಮತ್ತು ಎಂದು ಹೇಳಿದ್ದೀರಿ. ಅಲ್ಲ ಮಾರಾಯರೇ. ಒಂದು ಹೆಣ್ಣುಮಗುವನ್ನು ಕೊಟ್ಟಾಗಿದೆ, ಎದುರಿಗೆ ತೆಗೆದುಕೊಳ್ಳುವವರು ಇಲ್ಲ. ಅದು ಯಾರಿಗೆ ಕೇಳಿಸಿದರೂ ಹೆದರಿಕೆಯಾಗುತ್ತದೆ. ಕೆರಿಯಮ್ಮನಿಗೆ ಸಂಗೀತ ನಿರ್ದೇಶನ ಗೊತ್ತಿರಲಿಲ್ಲ, ಇಷ್ಟು ಗೊತ್ತಿತ್ತು.

ಈಗ ಕಾರ್ಯಕ್ರಮದ ಮುಂದಿನ ಭಾಗ ನನ್ನ ಗಾಯನ ಎಂದು ಗಾನವಿ ಆಗಲೇ ಹೇಳಿಯಾಗಿದೆ. ನಿಶಾಂತ್ ಲ್ಯಾಪ್‌ಟಾಪಿನಲ್ಲಿ ಟ್ರ್ಯಾಕ್ ತಂದಿದ್ದಾರೆ. ನಾನು ಮೊದಲ ಸಾಲು ಹೇಳಿದರೆ ಅದರೊಳಗಿಂದ ನನ್ನದೇ ದನಿ ಎರಡನೆಯ ಸಾಲು ಹೇಳುತ್ತದಂತೆ. ದಯವಿಟ್ಟು ಅದನ್ನು ಮುಚ್ಚಿಡಿ. ಹಾಗೆಯೇ, ನೀವು ರೆಕಾರ್ಡ್ ಮಾಡಿದ ಕುಮುದಾಳ ದನಿ ಇನ್ನೂ ನಿಮ್ಮ ಹತ್ತಿರ ಇದೆ ಎಂದು ಬೆಳಿಗ್ಗೆ ಕಾಫಿ ಕುಡಿಯುವಾಗ ಹೇಳಿದಿರಿ. ನಡುಗುವ ದನಿಯೇ ಇರಲಿ, ಅದನ್ನು ಅದರ ಜಾಗಕ್ಕೆ ಹಾಕುವುದಕ್ಕೆ ಆಗುತ್ತದೆಯೇ ನೋಡಿ. ಆದರೆ ಈ ಸಲ ನನ್ನನ್ನು ಕೇಳಬೇಡಿ. ಅವಳಿಗೆ ಫೋನು ಮಾಡಿ, ಅವಳನ್ನು ಕೇಳಿ. ಬೇಡ ಎಂದರೆ ನನ್ನದನ್ನೂ ತೆಗೆದುಬಿಡಿ.

ಈ ಸಭೆ ಯೂಟ್ಯೂಬಿನಲ್ಲಿ ನೇರವಾಗಿ ಹೋಗುತ್ತಿದೆ ಎಂದು ಬಳಗದವರು ಹೇಳಿದ್ದಾರೆ. ಅಜ್ಜಿಯ ಮುಂದೆ ಹಾಕಿಡುತ್ತೇನೆ ಎಂದು ಧನ್ಯಶ್ರೀ ನನಗೆ ಮಾತು ಕೊಟ್ಟಿದ್ದಾಳೆ. ಆದ್ದರಿಂದ ಅಧ್ಯಕ್ಷರ ಅಪ್ಪಣೆ ಕೇಳದೆ ಎರಡು ಮಾತು, ನಾವಿಬ್ಬರು ಆಡುವ ಮನೆಮಾತಿನಲ್ಲೇ, ಆ ಕ್ಯಾಮೆರಾಕ್ಕೆ ಹೇಳುತ್ತೇನೆ. ಕುಮುದಾ, ತಪ್ಪು ಎನ್ನದು, ಬೇರೆಯವರದ್ದಲ್ಲ. ನಿನ್ನ ಕೇಳದ್ದೆ ಆನು ಹೂಂ ಹೇಳಿದ್ದು. ನಿನ್ನ ದನಿ ನಡುಗಿದ್ದಕ್ಕಲ್ಲ, ಎನ್ನ ದನಿಯ ಆಸೆಗೆ.

ಸಭಿಕರೇ, ನಾನು ಇವತ್ತು ಇಲ್ಲಿ ಹಾಡು ಹೇಳುವುದಿಲ್ಲ. ಕ್ಷಮಿಸಬೇಕು. ನಾಳೆ ಬೆಳಗಿನ ಬಸ್ಸಿಗೆ ಹೊಸನಗರಕ್ಕೆ ಹೋಗುತ್ತೇನೆ. ಅವಳ ಮನೆಯ ಮೆಟ್ಟಿಲ ಕೆಳಗೆ ನಿಂತು ಮೊದಲ ಸಾಲು ಹೇಳುತ್ತೇನೆ. ಅಷ್ಟು ಮಾತ್ರ ನನ್ನದು. ಒಳಗಿನಿಂದ ಎರಡನೆಯ ಸಾಲು ಬಂದರೆ ಚಪ್ಪಲಿ ಬಿಟ್ಟು ಮೇಲೆ ಹತ್ತುತ್ತೇನೆ. ಬರದಿದ್ದರೆ ಮಧ್ಯಾಹ್ನದ ಬಸ್ಸಿಗೆ ವಾಪಸ್ ಬಂದು, ನಾಡಿದ್ದು ಮತ್ತೆ ಹೋಗುತ್ತೇನೆ.

ಶಾಲು ಹೊದೆಸಿದ್ದಕ್ಕೆ, ಇಷ್ಟು ಹೊತ್ತು ಕೇಳಿದ್ದಕ್ಕೆ, ನಡುವೆ ಮೈಕ್ ಆಫ್ ಮಾಡದೆ ಇದ್ದದ್ದಕ್ಕೆ ತಮ್ಮೆಲ್ಲರಿಗೂ ನನ್ನ ವಂದನೆಗಳು. ಬಸ್‌ಸ್ಟ್ಯಾಂಡಿನ ಆ ಫ್ಲೆಕ್ಸನ್ನು ದಯವಿಟ್ಟು ಇಂದೇ ಇಳಿಸಿ. ನಮಸ್ಕಾರ.